ಗುಣವಾದ ಮೇಲೆ

ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡದಲ್ಲಿ ಕ್ಷೇಮ ವಿಚಾರಿಸುವುದಕ್ಕೆ ತನ್ನದೇ ಆದ ಒಂದು ರೀತಿಯಿದೆ. ‘ಆರಾಮ ಅದೀರೇನ್ರಿ?’ ಎಂದು ಕೇಳಿದವರು ಉತ್ತರಕ್ಕೆ ಕಾಯದೆಯೇ ‘ಮನ್ಯಾಗ ಎಲ್ಲಾರೂ ಆರಾಮ?’ ಎಂದು ಮುಂದುವರಿಸುತ್ತಾರೆ. ದನಕರು, ಮಳೆ ಬೆಳೆಗಳ ವಿಚಾರವೂ ಅದೇ ಉಸಿರಿನಲ್ಲಿ ಬಂದುಬಿಡುತ್ತದೆ. ಒಬ್ಬರ ಆರೋಗ್ಯವನ್ನು ಅವರ ಮೈಯೊಳಗೆ ಮಾತ್ರ ಹುಡುಕಿದರೆ ಸಾಲದೆಂಬ ತಿಳಿವಳಿಕೆ ಈ ಮಾತಿನಲ್ಲಿ ಅಡಗಿದೆ. ಸಂಸ್ಕೃತದಿಂದ ನಾವು ಪಡೆದ ‘ಸ್ವಸ್ಥ’ ಎಂಬ ಶಬ್ದದ ದಾರಿ ಬೇರೆ. ತನ್ನಲ್ಲಿ ತಾನು ನೆಲೆನಿಂತವನೇ ಸ್ವಸ್ಥ. ಎರಡೂ ದೊಡ್ಡ ಮಾತುಗಳೇ. ಆದರೆ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಕುಷ್ಠರೋಗದ ಆಸ್ಪತ್ರೆಯೊಂದರ ಆವರಣದಲ್ಲಿ ಬೆಳೆದ ನನಗೆ, ಸುವಾರ್ತೆಗಳು ಹೇಳುವ ಸ್ವಾಸ್ಥ್ಯವು ನಮ್ಮ ಹಳ್ಳಿಯ ಆ ಪ್ರಶ್ನೆಗೇ ಹೆಚ್ಚು ಸಮೀಪವಾಗಿ ಕಾಣುತ್ತ ಬಂದಿದೆ. ಸಂಘದ ಹಿರಿಯರು ಸಂಚಿಕೆಗಾಗಿ ಏನನ್ನಾದರೂ ಬರೆಯಿರೆಂದಾಗ ಇದನ್ನೇ ಬರೆಯುವುದು ಸರಿಯೆನ್ನಿಸಿತು.

ನನ್ನ ತಂದೆ ಆ ಆಸ್ಪತ್ರೆಯಲ್ಲಿ ಡ್ರೆಸರ್ ಆಗಿದ್ದರು. ಹುಣ್ಣು ತೊಳೆದು ಪಟ್ಟಿ ಕಟ್ಟುವುದು ಅವರ ಕೆಲಸ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ಪಡಸಾಲೆಯಲ್ಲಿ ಸಾಲಾಗಿ ಬೋಗುಣಿಗಳನ್ನಿಟ್ಟು, ರೋಗಿಗಳ ಕಾಲುಗಳನ್ನು ನೀರಿನಲ್ಲಿ ನೆನೆಯಿಸಿ, ಗಟ್ಟಿಯಾದ ಚರ್ಮವನ್ನು ಉಜ್ಜಿ ತೆಗೆದು, ಎಣ್ಣೆ ಸವರುತ್ತಿದ್ದರು. ಆ ಪಡಸಾಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ದಖನಿ ನಾಲ್ಕೂ ಕೇಳಿಸುತ್ತಿದ್ದವು. ಯಾರ ನುಡಿ ಮೇಲೆಂಬ ಜಗಳವನ್ನು ಮಾತ್ರ ನಾನೊಮ್ಮೆಯೂ ಕೇಳಲಿಲ್ಲ. ಕುಷ್ಠವು ಬೆರಳುಗಳನ್ನು ತಿನ್ನುತ್ತದೆಂದು ಜನ ತಿಳಿದಿದ್ದರು, ಈಗಲೂ ಕೆಲವರು ತಿಳಿದಿದ್ದಾರೆ. ಅದು ತಿನ್ನುವುದು ನರವನ್ನು. ನರ ಸತ್ತ ಮೇಲೆ ಕೈಕಾಲಿಗೆ ನೋವು ತಿಳಿಯುವುದಿಲ್ಲ. ಮುಳ್ಳು ಚುಚ್ಚಿದ್ದೂ ತಿಳಿಯದು, ಕೆಂಡ ತಾಗಿದ್ದೂ ತಿಳಿಯದು. ಉಳಿದ ಹಾನಿಯೆಲ್ಲ ಈ ಅರಿವುಗೇಡಿನಿಂದ ಆಗುವಂಥದು. ಆದುದರಿಂದ ಪ್ರತಿ ಸಂಜೆ ತಮ್ಮ ಅಂಗಾಲುಗಳನ್ನು ತಾವೇ ಪರೀಕ್ಷಿಸಿಕೊಳ್ಳುವಂತೆ ತಂದೆ ಎಲ್ಲರಿಗೂ ಹೇಳುತ್ತಿದ್ದರು. ಬೆನ್ನು ಬಾಗದ ಮುದುಕರಿಗೆ ಅದು ಸಾಧ್ಯವಾಗುತ್ತಿರಲಿಲ್ಲ. ಹಾಗಾಗಿ ಇಬ್ಬಿಬ್ಬರು ಎದುರುಬದುರು ಕುಳಿತು ಒಬ್ಬರ ಪಾದವನ್ನು ಮತ್ತೊಬ್ಬರು ನೋಡುವ ಪದ್ಧತಿ ಅಲ್ಲಿ ತಾನಾಗಿಯೇ ಬೆಳೆದಿತ್ತು. ಪೌಲನು ಕೊರಿಂಥದವರಿಗೆ ಬರೆದ ಪತ್ರದಲ್ಲಿ ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ, ಒಂದು ಅಂಗದ ನೋವು ಎಲ್ಲ ಅಂಗಗಳಿಗೂ ತಲುಪಬೇಕೆನ್ನುವ ಭಾಗವನ್ನು ಬೋಧಕರು ಓದಿದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುತ್ತಿದ್ದುದು ಆ ಮುದುಕರ ಜೋಡಿಗಳೇ.

ಇನ್ನು ಸತ್ಯವೇದದ ಮಾತು. ಹಳೆಯ ಒಡಂಬಡಿಕೆಯ ಯಾಜಕಕಾಂಡವನ್ನು ಬೇಸರಪಡದೆ ಓದುವವರು ಕಡಿಮೆ. ಅದರ 13 ಮತ್ತು 14ನೆಯ ಅಧ್ಯಾಯಗಳು ಪೂರ್ತಿ ಚರ್ಮದ ಮಚ್ಚೆಗಳ ವಿಚಾರ. ಹೀಬ್ರೂ ಮೂಲದಲ್ಲಿರುವ ‘ತ್ಸಾರಾಅತ್’ ಎಂಬ ಶಬ್ದವನ್ನು ನಮ್ಮವರು ಕುಷ್ಠವೆಂದು ತಂದರು. ಆದರೆ ಬಟ್ಟೆಗೂ ಮನೆಯ ಗೋಡೆಗೂ ಅದೇ ‘ತ್ಸಾರಾಅತ್’ ಹತ್ತುತ್ತದೆಂದು ಆ ಅಧ್ಯಾಯಗಳೇ ಹೇಳುವುದರಿಂದ, ಇಂದಿನ ವೈದ್ಯರು ಗುರುತಿಸುವ ಕುಷ್ಠವೇ ಅದಲ್ಲವೆಂಬುದು ಸ್ಪಷ್ಟ. ಶಬ್ದದ ಈ ತೊಡಕಿನಿಂದ ನಿಜವಾದ ಕುಷ್ಠರೋಗಿಗಳು ಅನುಭವಿಸಿದ್ದು ಸಣ್ಣದಲ್ಲ.

ಆ ವಿಧಿಯಂತೆ ಮಚ್ಚೆ ಕಂಡವನು ಹರಿದ ಬಟ್ಟೆಯುಟ್ಟು, ತಲೆಗೂದಲು ಕೆದರಿಕೊಂಡು, ತಾನು ಅಶುದ್ಧನೆಂದು ತಾನೇ ಕೂಗುತ್ತ ಪಾಳೆಯದ ಹೊರಗೆ ಒಂಟಿಯಾಗಿರಬೇಕು. ಕ್ರೂರವಾದ ವಿಧಿಯೇ ಸರಿ, ಅದನ್ನು ನಯಗೊಳಿಸಿ ಹೇಳುವುದರಲ್ಲಿ ಅರ್ಥವಿಲ್ಲ. ಆದರೆ ಒಮ್ಮೆ ನನ್ನ ತಂದೆ ಪೆನ್ಸಿಲ್ ಹಿಡಿದು ವಚನಗಳನ್ನು ಎಣಿಸಿ ತೋರಿಸಿದರು. ಅವನನ್ನು ಹೊರಗಿಡುವ ಈ ವಿಧಿ ಎರಡೇ ವಚನಗಳಲ್ಲಿ ಮುಗಿಯುತ್ತದೆ. ಗುಣವಾದವನನ್ನು ಒಳಗೆ ಕರೆದುಕೊಳ್ಳುವ ವಿಧಿಗೆ ಮೂವತ್ತೆರಡು ವಚನಗಳಿವೆ. ಗುಣವಾದವನು ಯಾಜಕನ ಮನೆಯ ಬಾಗಿಲಿಗೆ ಬರುವುದಿಲ್ಲ, ಯಾಜಕನೇ ಪಾಳೆಯದ ಹೊರಗೆ ನಡೆದುಹೋಗುತ್ತಾನೆ. ಎರಡು ಪಕ್ಷಿಗಳನ್ನು ತರಿಸಿ ಒಂದನ್ನು ಬಯಲಿಗೆ ಹಾರಿಬಿಡುತ್ತಾನೆ. ಎಂಟನೆಯ ದಿನ ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಎಣ್ಣೆ ಹಚ್ಚುತ್ತಾನೆ. ಬಡವನಾದರೆ ಕಾಣಿಕೆಯಲ್ಲಿ ರಿಯಾಯಿತಿಯೂ ಉಂಟು. ಈ ಯಾಜಕನು ವೈದ್ಯನಲ್ಲ. ಅವನು ಯಾವ ಔಷಧವನ್ನೂ ಕೊಡುವುದಿಲ್ಲ. ಕಾಯಿಲೆ ಹೋದದ್ದು ಅವನಿಂದಲ್ಲ. ಊರಿನ ಪರವಾಗಿ ಹೋಗಿ, ಮುಟ್ಟಿ, ಕರೆದುಕೊಂಡು ಬರುವುದೊಂದೇ ಅವನ ಕೆಲಸ. ಮೈ ವಾಸಿಯಾದ ಮೇಲೂ ಇಷ್ಟು ಕೆಲಸ ಉಳಿದಿರುತ್ತದೆಂಬುದನ್ನು ಆ ಹಳೆಯ ಶಾಸ್ತ್ರ ಬಲ್ಲದು.

ಯೇಸುಸ್ವಾಮಿ ಇದೇ ಶಾಸ್ತ್ರದೊಳಗೆ ಬೆಳೆದವರು. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಕುಷ್ಠರೋಗಿ ಮೊಣಕಾಲೂರಿದಾಗ ಅವರು ಮೊದಲು ಕೈಚಾಚಿ ಮುಟ್ಟುತ್ತಾರೆ, ಗುಣವಾಗುವುದು ಆಮೇಲೆ. ಅಂದರೆ ರೋಗ ಇರುವಾಗಲೇ ಮುಟ್ಟಿದ್ದಾಯಿತು. ಅನಂತರ ಅವನನ್ನು ಯಾಜಕನ ಬಳಿಗೆ ಕಳುಹಿಸುತ್ತಾರೆ. ಇಷ್ಟನ್ನು ಎಲ್ಲ ಪ್ರಸಂಗಗಳಲ್ಲಿಯೂ ಕೇಳಿದ್ದೇವೆ. ಅದರ ಮುಂದಿನ ಒಂದು ಸಂಗತಿಯನ್ನು ಮಾತ್ರ ಕೇಳಿದವರು ವಿರಳ. ಅವನು ಊರೆಲ್ಲ ಸಾರಿಕೊಂಡು ಬಂದ ಕಾರಣ ಯೇಸುಸ್ವಾಮಿ ಬಹಿರಂಗವಾಗಿ ಊರೊಳಗೆ ಹೋಗಲಾಗದೆ ನಿರ್ಜನ ಸ್ಥಳಗಳಲ್ಲಿ ಉಳಿದರೆಂದು ಮಾರ್ಕನು ಬರೆಯುತ್ತಾನೆ. ಹೊರಗಿದ್ದವನು ಒಳಗೆ ಹೋದ, ಒಳಗಿದ್ದವರು ಹೊರಗೆ ನಿಂತರು. ಕ್ರೈಸ್ತರು ಗುಣಪಡಿಸುವಿಕೆಯೆಂದು ಕರೆಯುವುದರ ಬೆಲೆ ಎಷ್ಟೆಂಬುದು ಇಲ್ಲಿದೆ. ಮುಟ್ಟಿದವರ ಕೈ ಖಾಲಿಯಾಗದೆ ಅದು ಆಗುವುದಿಲ್ಲ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ಒಂದು ಮನೆಯಲ್ಲಿ ಕಂಡೆ. 1980ರ ದಶಕದ ಕೊನೆಯ ಮಾತು. ಡ್ಯಾಪ್ಸೋನ್ ಒಂದನ್ನೇ ವರ್ಷಗಟ್ಟಲೆ ನುಂಗುತ್ತಿದ್ದ ಕಾಲ ಮುಗಿದು, ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಸೂಚಿಸಿದ ಬಹುಔಷಧ ಚಿಕಿತ್ಸೆ ನಮ್ಮ ಭಾಗಕ್ಕೂ ಬಂದಿತ್ತು. ಅದರಲ್ಲಿ ರಿಫಾಂಪಿಸಿನ್ ಗುಳಿಗೆ ನುಂಗಿದ ದಿನ ಮೂತ್ರ ಕೆಂಪಾಗುತ್ತಿತ್ತು; ಕ್ಲೋಫಾಜಿಮಿನ್ ಗುಳಿಗೆಯಿಂದ ಮೈಬಣ್ಣ ಕಪ್ಪಾಗುತ್ತಿತ್ತು. ರೋಗ ಗುಣವಾಗುತ್ತಿರುವ ಗುರುತೇ ಊರವರಿಗೆ ರೋಗದ ಗುರುತಾಗಿ ಕಾಣುತ್ತಿತ್ತು. ಕಾಲಿನ ರಕ್ಷಣೆಗೆಂದು ಕೊಡುತ್ತಿದ್ದ ಮೆತ್ತನೆಯ ರಬ್ಬರಿನ ಚಪ್ಪಲಿಯೂ ಹಾಗೆಯೇ. ಬಸ್ಸಿನಲ್ಲಿ ಆ ಚಪ್ಪಲಿ ಕಂಡರೆ ಪಕ್ಕದವರು ಏಳುತ್ತಿದ್ದರು.

ಜತ್ತದ ಕಡೆಯ ಹಳ್ಳಿಯೊಂದರ ಹಿರಿಯಾಕೆ ಆ ಚಿಕಿತ್ಸೆಯನ್ನು ಪೂರ್ತಿಗೊಳಿಸಿದಳು. ನಾವು ಮಕ್ಕಳೆಲ್ಲ ಆಕೆಯನ್ನು ಆಯಿ ಎನ್ನುತ್ತಿದ್ದೆವು. ಬಲಗೈಯ ಮೂರು ಬೆರಳು ಮಡಚಿಕೊಂಡಿದ್ದವು, ಎರಡೂ ಅಂಗೈಗಳಲ್ಲಿ ಸ್ಪರ್ಶಜ್ಞಾನವಿರಲಿಲ್ಲ. ಆದರೆ ಮೈಯಲ್ಲಿ ರೋಗಾಣು ಉಳಿದಿರಲಿಲ್ಲ, ಯಾರಿಗೂ ಆಕೆಯಿಂದ ಅಂಟುವ ಭಯವಿರಲಿಲ್ಲ. ಹಾಗೆಂದು ಬರೆದ ಚೀಟಿಯನ್ನು ಆಸ್ಪತ್ರೆ ಕೊಟ್ಟಿತು. ಚೀಟಿ ಮರಾಠಿಯಲ್ಲಿತ್ತು; ಕನ್ನಡದಲ್ಲಿದ್ದರೂ ಹೆಚ್ಚಿನ ಪ್ರಯೋಜನವಾಗುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ. ಆಕೆಯನ್ನು ಊರಿಗೆ ಬಿಟ್ಟುಬರಲು ತಂದೆ ರಜೆ ಹಾಕಿ ಹೊರಟರು, ನನ್ನನ್ನೂ ಕರೆದೊಯ್ದರು.

ಮನೆಯವರು ಕೆಟ್ಟವರಾಗಿರಲಿಲ್ಲ. ಮಗ ತಾಯಿಯ ಕಾಲಿಗೆರಗಿದ, ಆದರೆ ಮುಟ್ಟದೆ ನೆಲಕ್ಕೆ ಕೈಯೂರಿ ಎರಗಿದ. ದನದ ಕೊಟ್ಟಿಗೆಗೆ ಹೊಂದಿದ ಕೋಣೆಯೊಂದನ್ನು ಸಾರಿಸಿ ಅಣಿ ಮಾಡಿದ್ದರು. ಅಲ್ಲಿ ಹೊಸ ಚಾಪೆ, ಹೊಸ ತಾಟು, ಹೊಸ ಚರಿಗೆ ಇದ್ದವು. ಎಲ್ಲವೂ ಹೊಸದಾಗಿದ್ದುದೇ ಎದೆಗೆ ಚುಚ್ಚುವಂತಿತ್ತು. ತಂದೆ ಏನನ್ನೂ ಬೋಧಿಸಲಿಲ್ಲ. ಕಟ್ಟೆಯ ಮೇಲೆ ಕುಳಿತು, ‘ಯಕ್ಕಾ, ನೀರಡಿಕಿ ಆಗೇದ, ಒಂದು ಚರಿಗಿ ನೀರು ಕೊಡವಾ’ ಎಂದರು. ಆಯಿ ಅದೇ ಹೊಸ ಚರಿಗೆಯಲ್ಲಿ ತಂದ ನೀರನ್ನು ಕುಡಿದು ಉಳಿದದ್ದನ್ನು ನನ್ನ ಕೈಗಿತ್ತರು. ನಾನೂ ಕುಡಿದೆ. ನೋಡುತ್ತ ನಿಂತಿದ್ದ ಓಣಿಯ ಜನ ಒಬ್ಬೊಬ್ಬರಾಗಿ ಹೊರಟುಹೋದರು. ಕಥೆಗಳಲ್ಲಾದರೆ ಅಷ್ಟಕ್ಕೆ ಎಲ್ಲರ ಮನಸ್ಸು ಕರಗಬೇಕಿತ್ತು.

ಆಯಿಗೆ ಬೇಕಾಗಿದ್ದುದು ಒಂದೇ, ಒಲೆಯ ಮುಂದಿನ ಜಾಗ. ಮೊದಲು ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದವಳು ಆಕೆಯೇ. ಜೋಳದ ರೊಟ್ಟಿ ಬಡಿಯುವ ಸದ್ದು ಯಾವ ಮನೆಯಿಂದ ಯಾರ ಕೈಯಿಂದ ಬರುತ್ತಿದೆಯೆಂದು ಓಣಿಯವರು ಕಿವಿಯಿಂದಲೇ ಗುರುತಿಸುವ ಊರು ಅದು. ಆದರೆ ಸ್ಪರ್ಶವಿಲ್ಲದ ಕೈಗೆ ಅಡುಗೆಮನೆಗಿಂತ ದೊಡ್ಡ ಅಪಾಯವಿಲ್ಲ. ಹಿಟ್ಟಿಗೆ ಕುದಿಯುವ ಎಸರು ಬೇಕು, ರೊಟ್ಟಿ ಕಾದ ಹಂಚಿನ ಮೇಲೆ ಬೀಳಬೇಕು. ಒಂದು ಬೊಬ್ಬೆ ಎದ್ದು ಹುಣ್ಣಾದರೆ ಬೆರಳೇ ಹೋದೀತು. ಆಸ್ಪತ್ರೆಯಲ್ಲಿ ತಂದೆಯೇ ಆಕೆಗೆ ಒಲೆಯ ಹತ್ತಿರ ಹೋಗಬೇಡವೆಂದು ನೂರು ಸಲ ಹೇಳಿದ್ದರು. ಕೈ ಉಳಿಯಬೇಕಾದರೆ ಆಕೆ ಒಲೆಯಿಂದ ದೂರವಿರಬೇಕು, ಆಕೆ ಆ ಮನೆಯವಳಾಗಿ ಉಳಿಯಬೇಕಾದರೆ ಒಲೆಯ ಮುಂದೆಯೇ ಕೂಡಬೇಕು. ವೈದ್ಯಶಾಸ್ತ್ರದ ಯಾವ ಪುಸ್ತಕದಲ್ಲಿಯೂ ಇದಕ್ಕೆ ಉತ್ತರವಿಲ್ಲ.

ಉತ್ತರ ಸಿಕ್ಕಿದ್ದು ಸೊಸೆಯಿಂದ, ಅದೂ ಎರಡು ವರ್ಷಗಳ ಮೇಲೆ. ಮುಂದೊಮ್ಮೆ ತಂದೆ ವಿಚಾರಿಸಲು ಹೋದಾಗ ಒಲೆಯ ಮುಂದೆ ಇಬ್ಬರೂ ಇದ್ದರಂತೆ. ಸೊಸೆ ಎಸರು ಸುರಿದು ಹಿಟ್ಟು ನಾದಿ, ಆರಿದ ಮೇಲೆ ಉಂಡೆಯನ್ನು ಅತ್ತೆಯ ಮುಂದೆ ಪರಾತದಲ್ಲಿ ಇಡುತ್ತಾಳೆ. ಅತ್ತೆ ಅಂಗೈಯಿಂದ ಬಡಿಯುತ್ತಾಳೆ. ಬಡಿದ ರೊಟ್ಟಿಯನ್ನು ಎತ್ತಿ ಹಂಚಿಗೆ ಹಾಕುವವಳು, ನೀರು ಸವರಿ ತಿರುವಿಹಾಕುವವಳು ಮತ್ತೆ ಸೊಸೆ. ಸೊಸೆಯ ಮನಸ್ಸು ಹೇಗೆ ತಿರುಗಿತೆಂದು ತಂದೆ ಕೇಳಲಿಲ್ಲ. ಬಾಣಂತಿತನದಲ್ಲಿ ಕೈ ಸಾಲದೆ ಹೋದದ್ದೇ ಕಾರಣವಿರಬಹುದೆಂದು ನನ್ನ ಅವ್ವನ ಊಹೆ. ನನಗೂ ಅದೇ ನಿಜವೆನ್ನಿಸುತ್ತದೆ. ಮನೆಗೆ ಬಂದ ಮಗಳೊಬ್ಬಳು ಮಾತ್ರ ಆ ರೊಟ್ಟಿಯನ್ನು ಕೊನೆಯವರೆಗೂ ಮುಟ್ಟಲಿಲ್ಲವಂತೆ.

ಕ್ರೈಸ್ತ ಸಭೆಯ ಚರಿತ್ರೆಯನ್ನು ಈ ರೊಟ್ಟಿಯ ಪಕ್ಕದಲ್ಲಿಟ್ಟು ನೋಡಿದರೆ ಹೆಮ್ಮೆಯೂ ನಾಚಿಕೆಯೂ ಒಟ್ಟಿಗೆ ಉಂಟಾಗುತ್ತವೆ. ನಾಲ್ಕನೆಯ ಶತಮಾನದಲ್ಲಿ ಕಪ್ಪದೋಕ್ಯದ ಕೈಸರೈಯ ಪಟ್ಟಣದ ಬಿಷಪರಾಗಿದ್ದ ಬಾಸಿಲರು ಊರ ಹೊರಗೆ ಬಡವರಿಗೂ ರೋಗಿಗಳಿಗೂ ದೊಡ್ಡದೊಂದು ನೆಲೆಯನ್ನು ಕಟ್ಟಿಸಿದರು. ಶ್ರೀಮಂತ ಮನೆತನದವರಾದ ಅವರು ಕುಷ್ಠರೋಗಿಗಳನ್ನು ಸಹೋದರರಂತೆ ಅಪ್ಪಿ ಮುದ್ದಿಟ್ಟು ಬರಮಾಡಿಕೊಂಡರೆಂದು ಅವರ ಗೆಳೆಯ ಗ್ರೆಗೊರಿ ಹೇಳಿದ್ದಾರೆ. ನಮ್ಮ ದೇಶದಲ್ಲಿಯೂ ಬೇರಾರೂ ಮುಟ್ಟದ ಕಾಲದಲ್ಲಿ ಮಿಷನ್ನುಗಳು ಕುಷ್ಠಧಾಮಗಳನ್ನು ತೆರೆದವು. 1874ರಲ್ಲಿ ಹುಟ್ಟಿದ ಕುಷ್ಠರೋಗಿಗಳ ಮಿಷನ್ನಿನ ಮೂಲಪ್ರೇರಣೆ ಅದರ ಸ್ಥಾಪಕ ವೆಲ್ಸ್‌ಲಿ ಬೇಲಿಯವರು ಅಂಬಾಲದಲ್ಲಿ ಕಂಡ ರೋಗಿಗಳು. ಅನ್ನ, ಬಟ್ಟೆ, ಔಷಧ, ಗೌರವದ ಸಾವು ಇವೆಲ್ಲ ಅಲ್ಲಿ ದೊರೆತವು. ಆದರೆ ಧಾಮಗಳಿಗೆ ಗೋಡೆಯೂ ಇತ್ತು. ಒಳಗಿನವರ ಮೇಲಿನ ಕರುಣೆಯಿಂದ ಕಟ್ಟಿದ ಗೋಡೆ ಹೊರಗಿನವರ ಭಯಕ್ಕೂ ಆಧಾರವಾಯಿತು. ನಾನು ಚಿಕ್ಕಂದಿನಲ್ಲಿ ಹೋಗುತ್ತಿದ್ದ ದೇವಾಲಯದಲ್ಲಿ ಪ್ರಭುಭೋಜನದ ದಿನ ಕಾಲನಿಯವರಿಗೆ ಹಿಂದಿನ ಬೆಂಚು, ಬೇರೆ ಪಾತ್ರೆ. ಒಂದೇ ರೊಟ್ಟಿಯನ್ನು ಮುರಿದು ಹಂಚುವುದೇ ಅರ್ಥವಾಗಿರುವ ಆಚರಣೆಯಲ್ಲಿ ಎರಡು ಪಾತ್ರೆ! ವಾರವೆಲ್ಲ ಅವರ ಹುಣ್ಣು ತೊಳೆಯುತ್ತಿದ್ದ ತಂದೆ ಆ ದಿನ ಹಿಂದಿನ ಬೆಂಚಿನಲ್ಲಿಯೇ ಕೂಡುತ್ತಿದ್ದರು. ಅದನ್ನು ಯಾರೂ ಗಮನಿಸಿದಂತೆ ತೋರಿಸಿಕೊಳ್ಳುತ್ತಿರಲಿಲ್ಲ.

ವೆಲ್ಲೂರಿನ ಡಾಕ್ಟರ್ ಪಾಲ್ ಬ್ರ್ಯಾಂಡರ ಹೆಸರನ್ನು ತಂದೆ ಭಕ್ತಿಯಿಂದ ಹೇಳುತ್ತಿದ್ದರು. ಕೊಲ್ಲಿಮಲೆಯಲ್ಲಿ ಮಿಷನರಿಗಳ ಮಗನಾಗಿ ಹುಟ್ಟಿದ ಬ್ರ್ಯಾಂಡರು 1940ರ ದಶಕದಲ್ಲಿ ವೆಲ್ಲೂರಿಗೆ ಬಂದು, ಮಡಚಿಹೋದ ಬೆರಳುಗಳಿಗೆ ಬೇರೊಂದು ಸ್ನಾಯುರಜ್ಜುವನ್ನು ಜೋಡಿಸಿ ಮತ್ತೆ ಚಾಚುವಂತೆ ಮಾಡಿದವರು. ಆದರೆ ಅವರಿಗೆ ಬೇಗನೆ ಒಂದು ವಿಚಿತ್ರ ದೂರು ಎದುರಾಯಿತು. ಶಸ್ತ್ರಚಿಕಿತ್ಸೆಯಾದ ರೋಗಿಯೊಬ್ಬ ಹಿಂದಿರುಗಿ, ಈ ಕೈ ಭಿಕ್ಷೆಗೆ ಬರುವುದಿಲ್ಲವೆಂದನಂತೆ. ವಕ್ರವಾದ ಕೈಗೆ ಜನ ಕಾಸು ಹಾಕುತ್ತಿದ್ದರು; ನೆಟ್ಟಗಾದ ಕೈಗೆ ಕಾಸೂ ಇಲ್ಲ, ಕುಷ್ಠದ ಗುರುತು ಅಳಿಯದ ಕಾರಣ ಕೆಲಸವೂ ಇಲ್ಲ, ಬಾಡಿಗೆಗೆ ಮನೆಯೂ ಇಲ್ಲ. ಶಸ್ತ್ರವೈದ್ಯನಾಗಿ ಪೂರ್ಣ ಯಶಸ್ಸು, ಮನುಷ್ಯನ ಬಾಳಿಗೆ ಮಾತ್ರ ನಷ್ಟ. ಬಡಗಿತನ, ಆಟಿಕೆ ತಯಾರಿಕೆಗಳನ್ನು ಕಲಿಸುವ ಒಂದು ಪುಟ್ಟ ನೆಲೆಯನ್ನು ಬ್ರ್ಯಾಂಡರು ಅಲ್ಲಿ ಕಟ್ಟಬೇಕಾಗಿ ಬಂದದ್ದು ಇಂಥ ಅನುಭವಗಳಿಂದ.

ಸಭೆಗಳ ವಿಶ್ವಮಂಡಳಿ ಮತ್ತು ಲೂಥರನ್ ಒಕ್ಕೂಟದವರು 1964ರಲ್ಲಿ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸೇರಿ, ಗುಣಪಡಿಸುವ ಸೇವೆ ವೈದ್ಯರಿಗಷ್ಟೇ ಸೇರಿದ್ದಲ್ಲ, ಇಡೀ ಸಭೆಗೆ ಸೇರಿದ್ದೆಂದು ತೀರ್ಮಾನಿಸಿದರು. ಅದಕ್ಕೆ ನಮ್ಮ ನೆರೆಯಲ್ಲಿಯೇ ರೂಪ ಬಂತು. ವೆಲ್ಲೂರಿನಲ್ಲಿ ಓದಿದ ರಜನಿಕಾಂತ ಮತ್ತು ಮೇಬಲ್ ಆರೋಳೆ ದಂಪತಿಗಳು 1970ರಲ್ಲಿ ಅಹಮದನಗರ ಜಿಲ್ಲೆಯ ಜಾಮಖೇಡದಲ್ಲಿ ಕೆಲಸ ಆರಂಭಿಸಿ, ಅಕ್ಷರ ಬಾರದ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರೋಗ್ಯಸೇವಕಿಯರನ್ನಾಗಿ ಬೆಳೆಸಿದರು. ಆ ಹೆಣ್ಣುಮಕ್ಕಳಲ್ಲಿ ಹಲವರು ಊರಿನವರು ಮುಟ್ಟದ ಕೇರಿಗಳವರು. ರೋಗಿಯನ್ನು ಊರಿನಿಂದ ಒಯ್ಯುವ ಬದಲು ಔಷಧವೇ ಊರಿಗೆ ಹೋಯಿತು.

ಕಾನೂನಿನ ಮಾತನ್ನೂ ಒಂದಿಷ್ಟು ಹೇಳಬೇಕು. ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯ್ದೆಗೆ 2001ರಲ್ಲಿ ತಿದ್ದುಪಡಿಯಾದಾಗ, ಗುಣವಾಗದ ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಸೇರಿಸಲಾಯಿತು. ಕುಷ್ಠ ಪೂರ್ತಿ ಗುಣವಾಗುವ ಔಷಧ ಬಂದು ಆಗಲೇ ಇಪ್ಪತ್ತು ವರ್ಷಗಳಾಗುತ್ತಿದ್ದವು. ಆ ಕಾರಣವನ್ನು ಹಿಂದೂ, ಮುಸ್ಲಿಂ, ಕ್ರೈಸ್ತ ವಿವಾಹ ಕಾನೂನುಗಳಿಂದ ಒಟ್ಟಿಗೆ ತೆಗೆದುಹಾಕಿದ್ದು 2019ರಲ್ಲಿ. ಅಷ್ಟರೊಳಗೆ, ಹತ್ತು ಸಾವಿರ ಜನರಿಗೆ ಒಬ್ಬ ರೋಗಿಗಿಂತ ಕಡಿಮೆ ಎಂಬ ಮಟ್ಟವನ್ನು 2005ರ ಕೊನೆಗೆ ಮುಟ್ಟಿದ್ದೇವೆಂದು ದೇಶ ಘೋಷಿಸಿಯೂ ಆಗಿತ್ತು. ರೋಗಾಣು ಕಾನೂನಿಗಿಂತ ಬೇಗ ಸೋತಿತು.

ಇಷ್ಟೆಲ್ಲ ಬರೆದ ಮೇಲೆ, ಗಡಿನಾಡಿನವರಾದ ನಮಗೆ ವಿಶೇಷವಾಗಿ ಸಲ್ಲುವ ಒಂದು ಕಥೆಯನ್ನು ಹೇಳದೆ ಬಿಡಲಾರೆ. ಲೂಕನ ಸುವಾರ್ತೆಯ 17ನೆಯ ಅಧ್ಯಾಯದ ಹತ್ತು ಕುಷ್ಠರೋಗಿಗಳ ಕಥೆ ನಡೆಯುವುದು ಸಮಾರ್ಯ ಮತ್ತು ಗಲಿಲಾಯಗಳ ನಡುವಿನ ಗಡಿಯ ಹಳ್ಳಿಯಲ್ಲಿ. ಯೆಹೂದ್ಯರೂ ಸಮಾರ್ಯದವರೂ ಪರಸ್ಪರ ಬಳಕೆ ಇಲ್ಲದವರು. ಆದರೆ ಈ ಹತ್ತು ಮಂದಿಯಲ್ಲಿ ಒಬ್ಬ ಸಮಾರ್ಯದವನೂ ಇದ್ದ. ಆರೋಗ್ಯವಂತರನ್ನು ಬೇರ್ಪಡಿಸಿದ ಗಡಿ ರೋಗಿಗಳನ್ನು ಬೇರ್ಪಡಿಸಲಿಲ್ಲ, ನಮ್ಮ ಆಸ್ಪತ್ರೆಯ ಪಡಸಾಲೆಯಲ್ಲಿದ್ದಂತೆ. ಯಾಜಕರಿಗೆ ತೋರಿಸಿಕೊಳ್ಳಿರೆಂಬ ಮಾತು ಕೇಳಿ ಹತ್ತೂ ಮಂದಿ ಹೊರಟರು, ದಾರಿಯಲ್ಲಿ ಶುದ್ಧರಾದರು. ಆಗ ಒಂದು ಸಂಗತಿ ನಡೆದಿರಬೇಕೆಂದು ನನಗನ್ನಿಸುತ್ತದೆ. ಅವರ ಆ ಗುಂಪು ಅಲ್ಲಿಯೇ ಒಡೆದಿರಬೇಕು. ಒಂಬತ್ತು ಮಂದಿಗೆ ಯೆರೂಸಲೇಮಿನ ದೇವಾಲಯವಿತ್ತು, ಒಪ್ಪಿಕೊಳ್ಳುವ ಯಾಜಕರಿದ್ದರು. ಹತ್ತನೆಯವನಿಗೆ ಅಲ್ಲಿ ಪ್ರವೇಶವಿಲ್ಲ. ಗೆರಿಜ್ಜೀಮ್ ಬೆಟ್ಟದ ಮೇಲಿದ್ದ ಅವನ ಜನರ ದೇವಾಲಯ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೆಡವಲ್ಪಟ್ಟಿತ್ತು. ರೋಗ ಇರುವವರೆಗೆ ಒಂಬತ್ತು ಸಂಗಡಿಗರಿದ್ದವನು ಗುಣವಾದೊಡನೆ ಪರದೇಶಿಯಾದ. ಅವನು ಹಿಂದಿರುಗಿ ಬಂದದ್ದಕ್ಕೆ ಕೃತಜ್ಞತೆಯೇ ಕಾರಣವೆಂದು ಎಲ್ಲರೂ ಬೋಧಿಸುತ್ತಾರೆ. ಅದು ನಿಜವೇ; ಜೊತೆಗೆ ಅವನಿಗೆ ಹೋಗಲು ಬೇರೆ ಸ್ಥಳವಿರಲಿಲ್ಲವೆಂಬುದೂ ನಿಜವಿರಬಹುದು.

ಲೂಕನ ಗ್ರೀಕ್ ಭಾಷೆಯಲ್ಲಿ ಇಲ್ಲಿ ಮೂರು ಬೇರೆ ಬೇರೆ ಕ್ರಿಯಾಪದಗಳಿವೆ. ಹತ್ತು ಮಂದಿಯೂ ಶುದ್ಧರಾದರು. ಸಮಾರ್ಯದವನು ತನಗೆ ವಾಸಿಯಾದುದನ್ನು ಕಂಡುಕೊಂಡ, ಇಲ್ಲಿ ವೈದ್ಯರ ಶಬ್ದವಿದೆ. ಅವನು ಬಂದು ಕಾಲಿಗೆ ಬಿದ್ದ ಮೇಲೆ ಯೇಸುಸ್ವಾಮಿ ಬಳಸುವ ಶಬ್ದ ಇವೆರಡೂ ಅಲ್ಲ. ‘ಸೋಝೋ’ ಎಂಬ ಆ ಧಾತುವಿಗೆ ಕಾಪಾಡು, ರಕ್ಷಿಸು, ಇಡಿಯಾಗಿಸು ಎಂಬ ಅರ್ಥಗಳೆಲ್ಲ ಇವೆ. ಆ ಶಬ್ದ ಅವನಿಗೆ ದೊರೆತದ್ದು ಚರ್ಮ ವಾಸಿಯಾದ ಕ್ಷಣದಲ್ಲಲ್ಲ, ಒಬ್ಬರ ಸಮೀಪಕ್ಕೆ ಬಂದಾಗ, ಅವರು ಅವನನ್ನು ಪರಕೀಯನೆಂದು ಗುರುತಿಸಿಯೂ ದೂರ ನಿಲ್ಲೆನ್ನದಿದ್ದಾಗ.

ಈ ಭಾಗದ ಮೇಲೆ ಪ್ರಸಂಗ ಮಾಡುವವರು ಕೊನೆಗೆ ಆ ಒಂಬತ್ತು ಮಂದಿಯನ್ನು ಕೃತಘ್ನರೆಂದು ಬಯ್ಯುವುದು ವಾಡಿಕೆ. ನನ್ನ ತಂದೆಗೆ ಅದು ಹಿಡಿಸುತ್ತಿರಲಿಲ್ಲ. ದೇವಾಲಯದಿಂದ ಮನೆಗೆ ನಡೆದು ಬರುವಾಗ, ‘ಯಾಜಕರ ಕಡೆ ಹೋಗ್ರಿ ಅಂತ ಹೇಳಿದವರು ಯಾರು? ಹೇಳಿದಂಗ ಹೋದರು. ಎಷ್ಟು ವರ್ಷದ ಮ್ಯಾಲ ಮಕ್ಕಳ ಮಾರಿ ನೋಡೂದಿತ್ತೋ ಏನೋ, ಓಡಲಿ ಬಿಡು’ ಎನ್ನುತ್ತಿದ್ದರು. ಸ್ವಲ್ಪ ದೂರ ನಡೆದ ಮೇಲೆ, ಯಾಜಕರು ಅವರಿಗೆ ಚೀಟಿ ಕೊಟ್ಟಿದ್ದರೂ ಮನೆಯವರು ಯಾರ ಯಾರಿಗೆ ಬಾಗಿಲು ತೆರೆದರೆಂಬುದನ್ನು ಲೂಕ ಬರೆಯಬೇಕಾಗಿತ್ತೆಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು.